ಮೂವತ್ತೇಳನೆಯ ದಿಡ್ಡಿ

ಮೊದಲೆಲ್ಲ ವರದಿಯೆಂದರೆ
ನೂರಾ ನಲವತ್ತು ಪುಟ, ಮೂರು ರಾತ್ರಿ,
ಹಳೆಯ ಕಡತದ ಮೈಗೆ ಹೊಸ ಅಂಗಿ ತೊಡಿಸುವ ಕೆಲಸ.
ಒಮ್ಮೆ ಬ್ಯಾಂಕೊಂದಕ್ಕೆ ಕೊಟ್ಟ ವರದಿಯ ಎಪ್ಪತ್ತೆರಡನೇ ಪುಟದಲ್ಲಿ
ಹಿಂದಿನ ಗಿರಾಕಿಯ ಹೆಸರು ಹಾಗೇ ಉಳಿದುಬಿಟ್ಟಿತ್ತು:
ಒಂದು ಸಾಸೇಜು ಕಾರ್ಖಾನೆ.
ಬ್ಯಾಂಕಿನವರು ನಗಲಿಲ್ಲ.

ಆಮೇಲೆ ಸಿಯೆಟ್ಸ್ ಬಂತು. ಹಾಗೆಂದರೆ ಜರಡಿ.
ಮೂರು ಉಪಕರಣಗಳು ಮೂರು ಹೆಸರಿಟ್ಟು ಕೂಗಿದ ತೂತು
ಒಂದೇ ಎಂದು ಅದಕ್ಕೆ ತಿಳಿಯುತ್ತದೆ.
ಅಂಕ ಕೊಡುತ್ತದೆ, ಬಣ್ಣ ಬಳಿಯುತ್ತದೆ,
ಯಾರು ಮುಚ್ಚಬೇಕು, ಎಂದಿನೊಳಗೆ, ಎಲ್ಲ ಬರೆದಿಡುತ್ತದೆ.
ಗಡುವು ಮೀರಿದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಸರಿಯಾಗಿ
ಎಲ್ಲರ ಫೋನಿನಲ್ಲೂ ಗೊಣಗುತ್ತದೆ,
ಕೊಟ್ಟ ಮಾತು ಮರೆಯದ ಅತ್ತೆಯ ಹಾಗೆ.
ನಾನೀಗ ಸಂಜೆ ಆರಕ್ಕೆ ಮನೆ ಸೇರುತ್ತೇನೆ.

ನವೆಂಬರಿನಲ್ಲಿ ರೇಜೆಕ್ನೆಗೆ ಹೋಗಿದ್ದೆ,
ಊರಿಗೆಲ್ಲ ಬಿಸಿನೀರು ಹರಿಸುವ ಸ್ಥಾವರಕ್ಕೆ.
ಮರದ ಚಕ್ಕೆ ಉರಿಯುವ ಒಲೆ, ನೆಲದಡಿಯ ಕೊಳವೆ,
ಗೋಡೆ ಗೋಡೆಯೊಳಗೆ ನಡೆಯುವ ಬೆಚ್ಚನೆ ನೀರು.
ಎರಡು ದಿನಕ್ಕೆ ನಲವತ್ತಾರು ತೂತು.
ಮೂವತ್ತೇಳನೆಯದು ತೂತಲ್ಲ, ದಿಡ್ಡಿ ಬಾಗಿಲು.
ಗುಪ್ತಪದ ಕೇಳದ ಹಾದಿ, ನೇರ ಕವಾಟಕ್ಕೆ.
ರೀಗಾದ ನನ್ನ ಅಡುಗೆಮನೆಯಲ್ಲಿ ಕೂತು
ಅದರ ಮೇಲೆ ಬೆರಳಿಟ್ಟೆ.
ತಿರುಗಿಸಲಿಲ್ಲ.
ಚಿತ್ರ ಹಿಡಿದು ಲಗತ್ತಿಸಿದೆ.
ಜರಡಿ ಕಡುಗೆಂಪು ಬಳಿಯಿತು. ಗಡುವು ಹದಿನಾಲ್ಕು ದಿನ.

ಮುಚ್ಚಬೇಕಾದರೆ ಇಡೀ ಸ್ಥಾವರ ಮೂವತ್ತು ಗಂಟೆ ಉಸಿರು ಹಿಡಿಯಬೇಕು.
ಮುಖ್ಯ ಎಂಜಿನಿಯರ್ ಆರಿಯಾ ವೀಟೊಲಾ
'ಅಪಾಯ ಒಪ್ಪಿದೆ' ಗುಂಡಿ ಒತ್ತಿದಳು.
ಕಾರಣದ ಚೌಕದಲ್ಲಿ ಬರೆದಳು: ಚಳಿಗಾಲ.
ಜರಡಿ ಒಪ್ಪಲಿಲ್ಲ. ಕನಿಷ್ಠ ನಲವತ್ತು ಅಕ್ಷರ ಬೇಕು.
ಕಡುಗೆಂಪಿಗೆ ಒಪ್ಪಿಗೆ ವಾರದ ಮಟ್ಟಿಗೆ ಮಾತ್ರ,
ಹಳೆಯ ಕಾರಣ ಮತ್ತೆ ಅಂಟಿಸುವಂತಿಲ್ಲ,
ಪ್ರತಿಯೊಂದರ ಪ್ರತಿ ನನಗೆ.

'ಹೊರಗೆ ಸೊನ್ನೆಗಿಂತ ಹತ್ತೊಂಬತ್ತು ಕೆಳಗೆ.
ಶಿಶುವಿಹಾರದ ಒಳಗೆ ಇಪ್ಪತ್ತೆರಡು. ನಿಲ್ಲಿಸುವುದಿಲ್ಲ.'

'ಹೆರಿಗೆ ವಾರ್ಡಿನಲ್ಲಿ ನಾಲ್ವರಿದ್ದಾರೆ,
ಒಬ್ಬಳು ನಮ್ಮ ಪಂಪು ನೋಡುವವನ ಹೆಂಡತಿ.'

'ದಿಡ್ಡಿ ತೆರೆದಿದೆ, ನನಗೂ ಗೊತ್ತು ಸ್ವಾಮಿ.
ರಾತ್ರಿ ಪಾಳಿಗೆ ಕವಾಟದ ಪಕ್ಕ ಎದ್ವೀನ್ಸನನ್ನು ಕೂರಿಸಿದ್ದೇನೆ.
ಅವನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇದೆ.
ಇದನ್ನು ಎಲ್ಲಿ ನಮೂದಿಸಬೇಕು?'

ಪರ್ಯಾಯ ರಕ್ಷಣೆಯ ಪಟ್ಟಿ ಬಿಚ್ಚಿ ನೋಡಿದೆ.
ಎದ್ವೀನ್ಸ್ ಅದರಲ್ಲಿರಲಿಲ್ಲ.
'ಇತರೆ' ಎಂದು ಗುರುತು ಹಾಕಿದೆ.

'ಹೆಣ್ಣು. ಮೂರೂಕಾಲು ಕಿಲೋ' ಎಂದಿತ್ತು ಜನವರಿಯ ಕಾರಣ,
ನಲವತ್ತು ತುಂಬಿಸಲು ಪಕ್ಕದಲ್ಲಿ ಸಾಲು ಚುಕ್ಕೆ.
ನಾನದನ್ನು ತಿರಸ್ಕರಿಸಬೇಕಿತ್ತು.

ಕೋಟೆ ಸೂರೆಹೋದ ಮೇಲೆ
ದಿಡ್ಡಿ ಹಾಕಿದವರ ಕಥೆಯಾಗುತ್ತೆ ನೋಡು,
ಎಂದ ನನ್ನ ಮೇಲಿನವ, ನೊರ್ಮುಂಡ್ಸ್.
ತಪ್ಪೇನೂ ಹೇಳಲಿಲ್ಲ ಅವನು.
ಆ ಚಳಿಗಾಲವೆಲ್ಲ ರಾತ್ರಿ ಎರಡಕ್ಕೆ ಎದ್ದು
ಕವಾಟ ಇದ್ದಲ್ಲೇ ಇದೆಯೇ ಎಂದು ಇಣುಕುತ್ತಿದ್ದೆ.
ಕೋಟೆಯೊಳಗಿನವರೇ ಸೆಟೆದುಹೋದರೆ
ದಿಡ್ಡಿ ಹಾಕಿ ಯಾರನ್ನು ಕಾಯುವುದು, ಅಂತಲೂ ಅನ್ನಿಸುತ್ತಿತ್ತು.
ಎರಡನ್ನೂ ಒಟ್ಟಿಗೆ ಹಾಕುವ ಚೌಕವಿಲ್ಲ.

ಏಪ್ರಿಲಿನಲ್ಲಿ ಒಲೆ ಆರಿಸಿದರು, ತೇಪೆ ಹಾಕಿದರು.
ನಾನು ಮತ್ತೆ ತಟ್ಟಿದೆ, ಎರಡು ಸಲ, ಮೂರು ಸಲ.
ಯಾರೂ ತೆರೆಯಲಿಲ್ಲ.
'ಮುಚ್ಚಿದೆ', ಹಸಿರು.
ಒಂದು ಗುಂಡಿಗೆ ವರದಿ ತಯಾರಾಯಿತು,
ಹನ್ನೆರಡೇ ಪುಟ, ಎಲ್ಲ ಹೆಸರೂ ಸರಿ.
ಕಾರಣಗಳು ಅದರಲ್ಲಿ ಬರುವುದಿಲ್ಲ.
ಮೂವತ್ತೇಳರ ಮುಂದೆ ಒಂದೇ ಅಂಕಿ,
ಗಡುವು ಮೀರಿದ ದಿನ: ನೂರಾ ಮೂವತ್ತೊಂಬತ್ತು.
ವರ್ಷದ ಪಟ್ಟಿಯಲ್ಲಿ ರೇಜೆಕ್ನೆ ಎಲ್ಲರಿಗಿಂತ ಕೆಳಗೆ.

ಸೋಮವಾರ ಏಳಕ್ಕೆ ನನ್ನಷ್ಟಕ್ಕೆ ಎಚ್ಚರವಾಯಿತು.
ಫೋನು ಸುಮ್ಮನಿತ್ತು.
ಕಿಟಕಿಯ ಕೆಳಗಿನ ರೇಡಿಯೇಟರಿನ ಮೇಲೆ ಕೈಯಿಟ್ಟೆ.
ರೀಗಾದಲ್ಲೂ ನಿಲ್ಲಿಸಿದ್ದರು.